ಧಾರಣೆಗೆ ಮುಂಚಿನ ಹಾಡು

೧

ಹೇಗೆ ಶುರು ಮಾಡಲಿ ಹೇಳಿ. ರೇಡಿಯೋದ ಕಥೆ ಅಂದಮೇಲೆ "ನಮಸ್ಕಾರ ಕೇಳುಗರೇ" ಅಂತಲೇ ಶುರುವಾಗಬೇಕು ಎಂದು ನೀವು ಕಾಯುತ್ತಿರಬಹುದು. ನಾನೂ ಹಾಗೇ ಬರೆದಿದ್ದೆ. ಒಂದು ಕಾಫಿ ಕುಡಿದು ಬಂದು ಓದಿದರೆ ನನಗೇ ಆಕಳಿಕೆ ಬಂತು, ಹೊಡೆದುಹಾಕಿದೆ. ಆಮೇಲೆ ಸುಮನಾಳ ಬಾಲ್ಯದಿಂದ ಹೊರಟೆ. ವಿನೋಬನಗರದ ಮನೆ, ಅಪ್ಪನ ಟೇಪ್ ರೆಕಾರ್ಡರ್, ಸಿಕ್ಕಿಹಾಕಿಕೊಂಡ ರೀಲನ್ನು ಪೆನ್ಸಿಲಿನಿಂದ ಸುತ್ತುವ ಪುಟ್ಟ ಹುಡುಗಿ. ಆ ಪೆನ್ಸಿಲ್ ಎಷ್ಟು ಕಥೆಗಳಲ್ಲಿ ದುಡಿದಿದೆಯೋ ಏನೋ, ಪಾಪ, ಅದಕ್ಕೂ ರಿಟೈರ್‌ಮೆಂಟ್ ಬೇಡವೇ. ಅದನ್ನೂ ಬಿಟ್ಟೆ.

(ಕೊನೆಗೆ ಸುಮನಾಳನ್ನೇ ಕೇಳಿದೆ. "ಎಲ್ಲಿಂದ ಶುರು ಮಾಡ್ಲಿ ಮಾರಾಯ್ತಿ?" "ತಪ್ಪಾಗಿದ್ದಲ್ಲಿಂದ ಮಾಡಿ. ನಂದೇ ತಪ್ಪು, ಬರ್ಕೊಳ್ಳಿ, ಪರವಾಗಿಲ್ಲ" ಅಂದಳು. ನಾನೇ ಹುಟ್ಟಿಸಿದ ಪಾತ್ರ ನನಗೇ ಪರ್ಮಿಷನ್ ಕೊಡುವ ಕಾಲ ಬಂತು. ಇರಲಿ.)

೨

ಸುಮನಾ ಶಿವಮೊಗ್ಗದ ಒಂದು ಸಣ್ಣ ಸಮುದಾಯ ರೇಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಶುಕ್ರವಾರ ಸಂಜೆ ಅರ್ಧ ಗಂಟೆ ಅವಳದೇ ಕಾರ್ಯಕ್ರಮ, ಹೆಸರು "ಹಿತ್ತಲ ಬಾಗಿಲು". ಅದರಲ್ಲಿ ಸಿನಿಮಾ ಹಾಡಿಲ್ಲ, ಕ್ಯಾಸೆಟ್ ಕಂಪನಿ ಹಾಡಿಲ್ಲ. ಗೋಪಾಳದ ಬಾಡಿಗೆ ರೂಮಿನಲ್ಲಿ ಕೂತು ಗಿಟಾರ್ ನುಡಿಸುವ ಲೆಕ್ಚರರು, ಭದ್ರಾವತಿಯಲ್ಲಿ ತಮಿಳು ಕನ್ನಡ ಎರಡನ್ನೂ ಕಲಸಿ ರ್‍ಯಾಪ್ ಮಾಡುವ ಸುನಿಲ್, ಹೀಗೆ ಮನೆಯವರನ್ನು ಬಿಟ್ಟರೆ ಯಾರೂ ಕೇಳದ ಹಾಡುಗಾರರು. ಇವರನ್ನು ಹುಡುಕಿ ತರುವುದು ಅವಳಿಗೆ ಕೆಲಸವಲ್ಲ, ಚಟ.

ಅವಳದೊಂದು ಕಟ್ಟಳೆ ಇದೆ. ಮೊದಲು ಹಾಡು, ಆಮೇಲೆ ಹೆಸರು. ಯಾಕೆ ಅಂದರೆ ಹೇಳುತ್ತಾಳೆ: "ಹೆಸರು ಮೊದಲೇ ಹೇಳಿಬಿಟ್ರೆ ನಮ್ಮೂರ ಜನ ಹಾಡು ಕೇಳಲ್ಲ. ಯಾರ ಮಗಳು, ಯಾವ ಕಡೆಯೋರು, ನಮ್ಮೋರಾ ಅಲ್ವಾ ಅಂತ ಲೆಕ್ಕ ಹಾಕ್ತಾ ಕೂರ್ತಾರೆ. ಅಷ್ಟೊತ್ತಿಗೆ ಪಲ್ಲವಿ ಮುಗಿದಿರುತ್ತೆ." ಇನ್ನೊಂದು, ಹಾಡು ನಡೆಯುವಾಗ ಸ್ಟುಡಿಯೋದ ಫೋನ್ ಎತ್ತುವ ಹಾಗಿಲ್ಲ. ಸಾಮಾನ್ಯವಾಗಿ ಅದು ರಿಂಗಾಗುವುದೂ ಇಲ್ಲ, ಹಾಗಾಗಿ ಈ ಕಟ್ಟಳೆ ಮುರಿಯುವ ಸಂದರ್ಭ ಬಂದಿರಲಿಲ್ಲ.

ಅವಳ ಕಾರ್ಯಕ್ರಮ ಮುಗಿಯುತ್ತಲೇ, ಏಳು ಗಂಟೆಗೆ, ಅಡಿಕೆ ಧಾರಣೆ. ಆವತ್ತಿನ ಮಾರುಕಟ್ಟೆಯ ರೇಟು. ಅದನ್ನು ಕೇಳುವವರು ಎಷ್ಟು ಜನ ಅಂತ ಶಿವಮೊಗ್ಗದವರಿಗೆ ನಾನು ಹೇಳಬೇಕಾಗಿಲ್ಲ. ಬೇರೆ ಊರಿನವರು ಹೀಗೆ ತಿಳಿಯಿರಿ, ಆ ಹೊತ್ತಿನಲ್ಲಿ ಅಡ್ಡ ಮಾತಾಡಿದ ಮಗುವಿಗೆ ಅಜ್ಜಿಯೂ ಗದರುತ್ತಾಳೆ.

೩

ಆ ಶುಕ್ರವಾರ ಸುಮನಾ ಮಾತು ಉದ್ದ ಮಾಡಿದಳು. ಲೆಕ್ಚರರ ಗಿಟಾರಿನ ಬಗ್ಗೆ ಹೇಳುತ್ತ ಹೇಳುತ್ತ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಕೊನೆಯ ಹಾಡು ತಡವಾಗಿ ಶುರುವಾಯಿತು. ಭದ್ರಾವತಿಯ ಉಮಾಮಹೇಶ್ವರಿ ಎಂಬವರು ತಾವೇ ಬರೆದು, ಮೊಬೈಲಿನಲ್ಲಿ ಹಾಡಿ ಕಳಿಸಿದ್ದು.

*ಆಚೆ ಮನೆ ಕುಕ್ಕರು ಕೂಗಿದರೆ*
*ನನ್ನ ಮನೆಗೂ ಮಧ್ಯಾಹ್ನ.*
*ಕೂಗದೆ ಹೋದರೆ ಹೊತ್ತೇ ಹೋಗದು,*
*ಅನ್ನ ಆರಿದರೂ ಉಣ್ಣೆ ನಾ.*

ಹಾಡು ಮುಗಿಯಿತು, ಸುಮನಾ ಹೆಸರು ಹೇಳಲು ಮೈಕಿಗೆ ಕೈ ಹಾಕಿದಳು, ಏಳು ಹೊಡೆಯಿತು. ಏಳು ಹೊಡೆದರೆ ಅಲ್ಲಿನ ಕಂಪ್ಯೂಟರ್ ಯಾರ ಮುಖವನ್ನೂ ನೋಡುವುದಿಲ್ಲ. "ಇಂದಿನ ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಗೊರಬಲು..." ಶುರುವಾಗಿಯೇ ಬಿಟ್ಟಿತು. ಹೆಸರು ಬಾಯಲ್ಲೇ ಉಳಿಯಿತು.

ಇದಿಷ್ಟೇ ಆಗಿದ್ದರೆ ಕಥೆಯಾಗುತ್ತಿರಲಿಲ್ಲ. ಆವತ್ತು ರಾಶಿ ಅಡಿಕೆಯ ರೇಟು ಏರಿತ್ತು. ಸ್ವಲ್ಪ ಮುಂಚೆಯೇ ರೇಡಿಯೋ ಹಾಕಿಕೊಂಡು ಕೂತಿದ್ದ ಮಂದಿ, ಆ ಹಾಡು ಧಾರಣೆಗೇ ಅಂತ ಹೊಸದಾಗಿ ಮಾಡಿಸಿದ್ದು ಎಂದುಕೊಂಡರು. ಶನಿವಾರ ಸ್ಟೇಷನ್ನಿಗೆ ಫೋನೋ ಫೋನು. "ಧಾರಣೆ ಹಾಡು ಚೆನ್ನಾಗಿದೆ ಕಣ್ರೀ." "ಆ ಯಮ್ಮನ ಕಾಲ್ಗುಣ ಒಳ್ಳೇದು, ದಿನಾ ಹಾಕಿ." ಕುಕ್ಕರಿಗೂ ಅಡಿಕೆಗೂ ಏನು ಸಂಬಂಧ ಅಂತ ಒಬ್ಬರೂ ಕೇಳಲಿಲ್ಲ.

(ಸುಮನಾ ಇಲ್ಲಿ ತಡೆದಳು. "ಒಂದು ನಿಮಿಷ. ಹಾಡಿಗೆ ಮುಂಚೆ ಉಮಕ್ಕನ ಹೆಸರು ಹೇಳಿಬಿಟ್ರಲ್ಲ ನೀವು?" ಹೌದು, ನಾಲಿಗೆ ಜಾರಿತು. ಅವರ ಹೆಸರು ಉಮಾಮಹೇಶ್ವರಿ ಅಲ್ಲ ಅಂತ ಓದುಗರು ದಯವಿಟ್ಟು ತಿಳಿಯಬೇಕು. ನಿಜವಾದ ಹೆಸರು ಅವಳು ನನಗೂ ಹೇಳಿಲ್ಲ.)

೫

(ನಾಲ್ಕನೆಯದನ್ನು ಹರಿದುಹಾಕಿದೆ. ಅದರಲ್ಲಿ ಸುಮನಾಗೆ ಒಬ್ಬ ಪ್ರಿಯಕರನಿದ್ದ, ನಿರಂಜನ ಅಂತ. ಇಡೀ ಅಧ್ಯಾಯ ಬೈಕ್ ಒರೆಸುತ್ತ ನಿಂತಿದ್ದ. "ಇವನು ಯಾಕೆ?" ಅಂದಳು.)

ಸ್ಟೇಷನ್ ಮ್ಯಾನೇಜರ್ ಷಡಕ್ಷರಪ್ಪನವರು ಒಳ್ಳೆಯ ಮನುಷ್ಯರು. ಕಥೆಗೊಬ್ಬ ವಿಲನ್ ಇರಲಿ ಅಂತ ಅವರಿಗೆ ಮೀಸೆ ಬರೆಯಲು ನೋಡಿದೆ, ಕೂರಲಿಲ್ಲ. ಸೋಮವಾರ ಸುಮನಾಳನ್ನು ಕರೆದು ಬಾದಾಮಿ ಹಾಲು ಕೊಡಿಸಿದರು.

"ನೋಡಮ್ಮ, ಆ ಹಾಡನ್ನ ಧಾರಣೆಗೆ ಸಿಗ್ನೇಚರ್ ಟ್ಯೂನ್ ಮಾಡೋಣ. ಅಡಿಕೆ ಸುಲಿಯೋ ಮೆಷಿನ್ನಿನೋರು ಸ್ಪಾನ್ಸರ್ ಮಾಡ್ತೀವಿ ಅಂದಿದಾರೆ. ಮುಂದಿನ ಸೋಮವಾರದಿಂದ ಶುರು."

"ಇಡೀ ಹಾಡಾ ಸರ್?"

"ಇಡೀ ಹಾಡು ಎಲ್ಲಿ ಆಗುತ್ತೆ. ಟ್ಯೂನ್ ಸಾಕು, ಕೀಬೋರ್ಡಲ್ಲಿ ಒಂಚೂರು ನುಡಿಸಿದ್ರೆ ಆಯ್ತು. ಕುಕ್ಕರ್ ಗಿಕ್ಕರ್ ಬೇಡ. ಆ ಹೆಣ್ಣುಮಗಳಿಗೆ ಏನು ಕೊಡಬೇಕೋ ಕೊಡೋಣ. ನೀನೇ ಹೋಗಿ ಒಪ್ಪಿಸಿಕೊಂಡು ಬಾ."

ಸುಮನಾ ಬಾದಾಮಿ ಹಾಲಿನ ಲೋಟ ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಹಾಕಿದ ಒಂದು ಹಾಡು ಊರಿನ ಬಾಯಿಗೆ ಬಂದಿದೆ. ಅದಕ್ಕೆ ಹೆಸರೂ ಇಲ್ಲ, ಈಗ ಮಾತೂ ಇಲ್ಲ, ದನಿಯೂ ಇಲ್ಲ.

೬

ಭದ್ರಾವತಿಗೆ ಬಸ್ಸಿನಲ್ಲಿ ಹೋದಳು. ಉಮಕ್ಕನ ಮನೆ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಒಂದೇ ಗೋಡೆಗೆ ಅಂಟಿಕೊಂಡ ಎರಡೆರಡು ಮನೆ. ಸಾಲಿನಲ್ಲಿ ಅರ್ಧ ಬಾಗಿಲುಗಳಿಗೆ ಬೀಗ. ಹಜಾರದಲ್ಲಿ ಹೊಲಿಗೆ ಮೆಷಿನ್, ಹುಡುಗಿಯರಿಗೆ ಬ್ಲೌಸ್ ಕಟಿಂಗ್ ಕಲಿಸಿ ಆಗಷ್ಟೇ ಕಳಿಸಿದ್ದರು. ಉಮಕ್ಕ ಚೂರು ಬಟ್ಟೆಗಳನ್ನು ಗುಡಿಸಿ ಜಾಗ ಮಾಡಿ ಕೂರಿಸಿದರು.

ಸುಮನಾ ಎಲ್ಲ ಹೇಳಿದಳು. ತನ್ನ ತಪ್ಪು, ಕಾಲ್ಗುಣ, ಸಿಗ್ನೇಚರ್ ಟ್ಯೂನು. ಉಮಕ್ಕ ಕಾಲ್ಗುಣಕ್ಕೆ ಬಹಳ ಹೊತ್ತು ನಕ್ಕರು.

"ಈ ಶುಕ್ರವಾರ ಮೊದಲು ನಿಮ್ಮ ಹೆಸರು ಹೇಳ್ತೀನಿ ಅಕ್ಕ. ಊರಿಗೆಲ್ಲ ಗೊತ್ತಾಗ್ಬೇಕು."

"ಟ್ಯೂನ್ ಬೇಕಾದ್ರೆ ಹಾಕ್ಕೊಳ್ಳಿ. ಹೆಸರು ಬೇಡ ಮೇಡಂ."

"ಯಾಕೆ?"

ಉಮಕ್ಕ ಹಿಂದಿದ್ದ ಗೋಡೆಯ ಮೇಲೆ ಅಂಗೈ ಇಟ್ಟರು. "ಈ ಆಚೆ ಇದ್ದೋರು ದಾಕ್ಷಾಯಣಮ್ಮ ಅಂತ. ಅವರ ಕುಕ್ಕರ್ ಕೂಗಿದ್ರೆ ನಾನು ಅನ್ನಕ್ಕಿಡ್ತಿದ್ದೆ. ನಾನು ಹಾಡ್ತಾ ಹೊಲೀತಿದ್ರೆ ಅವರು ಅಲ್ಲಿಂದಲೇ ಎರಡನೇ ಸಾಲು ಹೇಳೋರು. ಒಂದಿನ ಗೋಡೆ ಬಡಿದು, 'ಸಾಕು ಮಾಡೇ, ತಲೆ ಸಿಡೀತಿದೆ' ಅಂದ್ರು. ಅಷ್ಟೇ ಮೇಡಂ, ಅಷ್ಟಕ್ಕೇ ನನಗೆ ಸಿಟ್ಟು. ಮಾತು ಬಿಟ್ಟೆ. ಅವರ ಯಜಮಾನರದು ರಿಟೈರ್ ಆಯ್ತು, ಮನೆ ಖಾಲಿ ಮಾಡಿದ್ರು. ಲಾರಿಗೆ ಸಾಮಾನು ತುಂಬ್ತಿದ್ರೆ ನಾನು ಕಿಟಕಿ ಪರದೆ ಹಿಂದೆ ನಿಂತ್ಕೊಂಡು ನೋಡಿದೆ. ಹೊರಗೇ ಬರ್ಲಿಲ್ಲ."

"ಫೋನ್ ನಂಬರ್ ಇಲ್ವಾ?"

"ಇದೆ. ಮಾಡಿ ಏನಂತ ಹೇಳ್ಲಿ? ಹಾಡಿಗೆ ಮುನಿಸಿಕೊಂಡಿದ್ದು, ಹಾಡಲ್ಲೇ ಹೋಗ್ಬೇಕು. ಆಯನೂರಲ್ಲಿ ಮಗಳ ಮನೇಲಿದಾರೆ. ಅಳಿಯಂದು ಅಡಿಕೆ ವ್ಯಾಪಾರ. ಏಳಕ್ಕೆ ಸರಿಯಾಗಿ ಬ್ಯಾಟರಿ ರೇಡಿಯೋ ಹಾಕ್ತಾರಂತೆ, ಧಾರಣೆ ಮುಗಿದ ತಕ್ಷಣ ಆರಿಸ್ತಾರಂತೆ. ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ನೀವು ಹೆಸರು ಹೇಳಿದ್ರೆ, ಇವಳೇ ಕಳಿಸಿದ್ದು ಅಂತ ಗೊತ್ತಾಗುತ್ತೆ, ಅಷ್ಟೇ. ಹೇಳದೇನೇ ಅವರು ಗುರುತು ಹಿಡಿದ್ರೆ..."

ಸೆರಗಿನಲ್ಲಿ ಕಣ್ಣೊರೆಸಿಕೊಂಡರು ಅಂತ ಬರೆದಿದ್ದೆ. ಸುಮನಾ ಪಕ್ಕದಲ್ಲೇ ಕೂತಿದ್ದವಳು, "ಇಲ್ಲ, ಒರೆಸಿಕೊಳ್ಳಲಿಲ್ಲ, ಸೂಜಿಗೆ ದಾರ ಪೋಣಿಸಿದ್ರು" ಅಂದಳು. ಸರಿ, ಪೋಣಿಸಲಿ.

ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸುಮನಾ ಯೋಚಿಸಿದಳು. ಹೆಸರು, ಹೆಸರು ಅಂತ ತಾನು ಬಡಿದುಕೊಂಡದ್ದು ಉಮಕ್ಕನಿಗಾಗಿಯೋ, ಹುಡುಕಿದವಳು ನಾನು ಅನ್ನಿಸಿಕೊಳ್ಳುವುದಕ್ಕೋ? ಎರಡೂ ಇರಬೇಕು. ಆ ಹಾಡಿಗೆ ಇಡೀ ಊರು ಬೇಕಾಗಿರಲಿಲ್ಲ, ಒಂದು ಮನೆ ಸಾಕಾಗಿತ್ತು. ಸೋಮವಾರದಿಂದ ಆ ಮನೆಗೆ ಹೋಗುವುದು ಮಾತಿಲ್ಲದ ಕೀಬೋರ್ಡು. ಉಳಿದಿರುವುದು ಒಂದೇ ಶುಕ್ರವಾರ.

೭

"ಹಾಡನ್ನ ಏಳಕ್ಕೆ ಹಾಕ್ತೀನಿ" ಅಂದಳು ನನ್ನ ಹತ್ತಿರ.

"ಏಳಕ್ಕೆ ಧಾರಣೆ ಇದೆಯಲ್ಲ."

"ಧಾರಣೆ ಕಾಯ್ಲಿ."

ಪೆನ್ನು ಕೆಳಗಿಟ್ಟೆ. ಧಾರಣೆ ಕಾಯುವುದೇ? ಶಿವಮೊಗ್ಗದಲ್ಲೇ? ನಂಬುವ ಹಾಗೆ ಬರೆಯಬೇಕಲ್ಲ ಮಾರಾಯ್ತಿ ಅಂದೆ. ಇಲ್ಲಿ ದೇವಸ್ಥಾನದ ಮಂಗಳಾರತಿ ಬೇಕಾದರೆ ಹತ್ತು ನಿಮಿಷ ತಡವಾದೀತು. ಅವಳು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಷಡಕ್ಷರಪ್ಪನವರನ್ನು ಕೇಳಿ ಮಾಡು ಅಂದೆ. "ಕೇಳಿದ್ರೆ ಬೇಡ ಅಂತಾರೆ" ಅಂದಳು.

ಶುಕ್ರವಾರ ಏಳಕ್ಕೆ ಸ್ವಲ್ಪ ಮುಂಚೆ ಕಂಪ್ಯೂಟರಿನ ಆಟೋಮ್ಯಾಟಿಕ್ ತೆಗೆದಳು. ಏಳು ಹೊಡೆಯಿತು. ಊರೆಲ್ಲ ರೇಡಿಯೋ ಹಾಕಿತು. "ಆಚೆ ಮನೆ ಕುಕ್ಕರು ಕೂಗಿದರೆ" ಎಂದು ಉಮಕ್ಕ ಹಾಡತೊಡಗಿದರು.

ಮೊದಲ ಚರಣ ಮುಗಿಯುವ ಮುಂಚೆಯೇ ಮೇಜಿನ ಮೇಲಿನ ಫೋನ್ ರಿಂಗಾಯಿತು. ನಿಂತಿತು, ಮತ್ತೆ ರಿಂಗಾಯಿತು. ಷಡಕ್ಷರಪ್ಪನವರು ಗಾಜಿನ ಬಾಗಿಲ ಆಚೆ ಬಂದು ನಿಂತು ಕೈ ತಿರುವಿದರು, ಏನಿದು ಅಂತ. ಸುಮನಾ ತುಟಿಯ ಮೇಲೆ ಬೆರಳಿಟ್ಟಳು. ಅವರ ಜನ್ಮದಲ್ಲಿ ಯಾರೂ ಹಾಗೆ ಮಾಡಿರಲಿಲ್ಲವೋ ಏನೋ, ಸುಮ್ಮನೆ ಸ್ಟೂಲೆಳೆದುಕೊಂಡು ಕೂತರು. ಹಾಡು ಪೂರ್ತಿ ಹೋಯಿತು. ಮೈಕ್ ಹಾಕಿ, "ಹಾಡು ಕೇಳಿದಿರಿ. ಹೆಸರು ಗೊತ್ತಿದ್ದವರಿಗೆ ಗೊತ್ತು. ಈಗ ಧಾರಣೆ" ಎಂದಳು.

೮ (ಅ)

ಧಾರಣೆ ಶುರುವಾಗುತ್ತಲೇ ಫೋನ್ ಎತ್ತುತ್ತಾಳೆ. ಆಚೆ ದಾಕ್ಷಾಯಣಮ್ಮ. ಅಳುತ್ತ, ಆ ಹಾಡಿನ ಎರಡನೇ ಸಾಲು ಹಾಡುತ್ತಾರೆ.

ಸುಮನಾ ಇದನ್ನು ಓದಿ ನನ್ನನ್ನೇ ನೋಡಿದಳು. ಹೊಡೆದುಹಾಕಿದೆ.

೮ (ಆ)

ಆಯನೂರಿನಲ್ಲಿ ಆ ಸಂಜೆ ಕರೆಂಟ್ ಇರಲಿಲ್ಲ.

"ಬ್ಯಾಟರಿ ರೇಡಿಯೋ ಅಂತ ನೀವೇ ಬರೆದಿದೀರಿ."

ಹೌದಲ್ಲ. ಹಾಗಾದರೆ ಗಾಳಿ ಸರಿಯಿಲ್ಲದೆ ಸ್ಟೇಷನ್ ಸಿಗಲಿಲ್ಲ ಅನ್ನೋಣ. ನಮ್ಮ ಸಣ್ಣ ಟವರಿನ ದನಿ ಆಯನೂರು ಮುಟ್ಟುವುದೂ ಅಷ್ಟಕ್ಕಷ್ಟೇ. ಅದು ಆಗಬಹುದಾದದ್ದೇ ಅಂತ ಸುಮನಾಗೂ ಗೊತ್ತು, ನನಗೆ ಅದೇ ಸಂಕಟ.

೮

ಫೋನ್ ಎತ್ತಿದಳು. "ಏನ್ರೀ, ಧಾರಣೆ ಮರೆತುಬಿಟ್ರಾ?" ಇಟ್ಟಳು. ಮತ್ತೆ ಬಂತು. "ನಾನು ಷಡಕ್ಷರಪ್ಪನ ಸ್ನೇಹಿತ ಮಾತಾಡ್ತಿರೋದು..." ಅದನ್ನು ಷಡಕ್ಷರಪ್ಪನವರಿಗೇ ಕೊಟ್ಟಳು. ಅವರು, "ಹಾಡು ನಡೀತಿತ್ತು ಮಾರಾಯ, ಮಧ್ಯದಲ್ಲಿ ಹೇಗೆ ನಿಲ್ಲಿಸೋದು" ಅಂದರು, ಇಟ್ಟರು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಅದರ ಮುಂದಿನ ಫೋನಿನಲ್ಲಿ ಯಾರೂ ಮಾತಾಡಲಿಲ್ಲ.

"ಹಲೋ, ಎಲ್ಲಿಂದ?" ಅಂದಳು ಸುಮನಾ. ಉತ್ತರವಿಲ್ಲ. ಇಡಲೂ ಇಲ್ಲ. ಉಸಿರಾಟ ಕೇಳುತ್ತಿತ್ತು. ಅದರ ಹಿಂದೆ, ಎಲ್ಲೋ ಒಳಗಿನ ಅಡುಗೆಮನೆಯಿಂದ, ಕುಕ್ಕರ್ ಒಂದು ಸಲ ಕೂಗಿತು.

ಅವರೇ ಅಂತ ಬರೆಯಲು ನನ್ನ ಕೈ ತುರಿಸುತ್ತಿದೆ. ಬರೆಯುವ ಹಾಗಿಲ್ಲ. ಏಳರ ಹೊತ್ತಿಗೆ ಈ ಜಿಲ್ಲೆಯಲ್ಲಿ ಯಾರ ಮನೆಯಲ್ಲಿ ಕುಕ್ಕರ್ ಕೂಗುವುದಿಲ್ಲ ಹೇಳಿ. ಧಾರಣೆ ತಪ್ಪಿತೆಂದು ಬೈಯಲು ಮಾತು ಹುಡುಕುತ್ತಿರುವ ಯಾರೋ ಇರಬಹುದು.

ಸುಮನಾ ನನ್ನನ್ನು ಕೇಳಲಿಲ್ಲ. ತನ್ನ ಮೊಬೈಲ್ ತೆಗೆದು ಭದ್ರಾವತಿಗೆ ಹಚ್ಚಿದಳು. "ಉಮಕ್ಕ, ಏನೂ ಕೇಳ್ಬೇಡಿ. ಸುಮ್ನೆ ಕಿವಿ ಕೊಡಿ" ಅಂದಳು. ಮೇಜಿನ ಮೇಲೆ ರಿಸೀವರನ್ನೂ ಮೊಬೈಲನ್ನೂ ಎದುರುಬದುರು ಮಲಗಿಸಿದಳು. ಕುಕ್ಕರ್ ಮತ್ತೊಂದು ಸಲ ಕೂಗಿದ್ದು ನನಗೂ ಕೇಳಿಸಿತು. ಮೊಬೈಲಿನ ಕಡೆಯಿಂದ ಯಾರೋ ಹಾಡಲು ಹೊರಟವರ ಹಾಗೆ ಗಂಟಲು ಸರಿಮಾಡಿಕೊಂಡರು.

"ಟೀ ಕುಡ್ಕೊಂಡು ಬರೋಣ ಬನ್ನಿ ಸರ್" ಎಂದು ಸುಮನಾ ಎದ್ದಳು. ಷಡಕ್ಷರಪ್ಪನವರೂ ಎದ್ದರು. ನಾನು ಕೂತೇ ಇದ್ದೆ, ಇಷ್ಟು ದೂರ ಬರೆದವನಿಗೆ ಅಷ್ಟೂ ಹಕ್ಕಿಲ್ಲವೇ ಅಂತ. ಅವಳು ಬಾಗಿಲಲ್ಲಿ ನಿಂತು, "ನೀವೂ" ಅಂದಳು.

ಎದ್ದು ಬಂದೆ. ನೀವೂ ಬನ್ನಿ. ಬರುವಾಗ ಬಾಗಿಲು ಮುಂದೆ ಮಾಡಿಕೊಂಡು ಬನ್ನಿ.