ಉಂಡೆಯ ಕಿವಿಯಂಚಿನ ಒಂದು ಹನಿ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆಯ ಮಾತೇ ಅನ್ನಿ, ಬಸ್ಸು ತಿರುಗುವ ಮೂಲೆಯ ಪಕ್ಕದ ಬೀದಿಯಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ಆ ಅಂಗಡಿಗೆ ಒಬ್ಬಳು ಒಡತಿ. ಅವಳಿಗೆ ನಾಲ್ಕು ಕಾಲು, ಒಂದು ಬಾಲ. ಮರಿಯಾಗಿದ್ದಾಗ ದಾರದ ಬುಟ್ಟಿಯಲ್ಲಿ ಮಲಗಿದರೆ ಯಾವುದು ದಾರದ ಉಂಡೆ, ಯಾವುದು ಬೆಕ್ಕು ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಅವಳ ಹೆಸರೇ ಉಂಡೆ ಎಂದಾಯಿತು.

ಒಡತಿ ಮಲಗಿರುವಾಗ ಕೆಲಸವನ್ನೆಲ್ಲ ಮಾಡುತ್ತಿದ್ದವಳನ್ನು ಬೀದಿಯವರು ಹೊಲಿಗೆಯಕ್ಕ ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಅಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ ಕೂರುತ್ತಿದ್ದರು. ಅತ್ತೆಯ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಬಾಗಿಲಿಗೆ ಬಂದವರು ಗುರುತಿನವರೋ ಹೊಸಬರೋ, ಹೊರಗೆ ಮೋಡ ಕವಿದಿದೆಯೋ ಬಿಸಿಲಿದೆಯೋ, ಎಲ್ಲವನ್ನೂ ಅವರು ಮಡಿಲಲ್ಲಿದ್ದ ಉಂಡೆಯ ಮೈಯಿಂದಲೇ ತಿಳಿಯುತ್ತಿದ್ದರು. ಕಿವಿ ನಿಮಿರಿದರೆ ಒಂದರ್ಥ, ಬಾಲ ಅಲುಗಿದರೆ ಇನ್ನೊಂದು.

ಹೊಲಿಗೆಯಕ್ಕನಿಗೆ ಎರಡು ಹೆಮ್ಮೆ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಭುಜ ಇಷ್ಟು, ತೋಳು ಇಷ್ಟು ಎಂದು ಕಣ್ಣಳತೆಯಲ್ಲೇ ಹೇಳಿಬಿಡುವಳು. ಆಮೇಲೆ ಟೇಪು ಹಿಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಇನ್ನೊಂದು, ಅವಳ ಸೂಜಿ ಇಷ್ಟು ವರ್ಷದಲ್ಲಿ ಯಾರ ಬಟ್ಟೆಯ ಮೇಲೂ ಒಂದು ಹನಿ ರಕ್ತ ಬೀಳಿಸಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದರೆ ಆ ಬಟ್ಟೆಯೂ ಹೋಯಿತು, ಹೊಲಿದವಳ ಹೆಸರೂ ಹೋಯಿತು.

ಹೀಗಿರುವಾಗ ಉಂಡೆ ನೀರು ಕುಡಿಯತೊಡಗಿದಳು. ತನ್ನ ಬಟ್ಟಲು ಖಾಲಿ ಮಾಡಿ, ಇಸ್ತ್ರಿಗೆ ಚಿಮುಕಿಸುವ ನೀರಿಗೂ ಬಾಯಿ ಹಾಕಿದಳು. ಅವಳ ಮರಳಿನ ತಟ್ಟೆ ದಿನವೂ ಒದ್ದೆಯಾಗಿ ಭಾರವಾಗುತ್ತಿತ್ತು. ಹಾಕಿದ್ದೆಲ್ಲ ತಿನ್ನುವಳು, ಆದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದುಹೋದಳು. ತುದಿಗಾಲಲ್ಲಿ ನಡೆಯುತ್ತಿದ್ದವಳು ಹಿಂಗಾಲಿನ ಹಿಮ್ಮಡಿಯನ್ನೂ ನೆಲಕ್ಕೆ ಊರಿ ನಡೆಯತೊಡಗಿದಳು.

ಪ್ರಾಣಿಗಳ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಸಕ್ಕರೆ ಕಾಯಿಲೆ ಎಂದರು. ಸುದ್ದಿ ಕೇಳಿದ ಅತ್ತೆ ಸೊಸೆಯನ್ನೇ ತರಾಟೆಗೆ ತೆಗೆದುಕೊಂಡರು.

“ಬೆಕ್ಕಿಗೆ ಸಕ್ಕರೆ ಕಾಯಿಲೆನಾ? ಅವಳೇನು ದಿನಾ ಮೂರು ಲೋಟ ಟೀ ಕುಡೀತಾಳಾ? ಕುಡಿಯೋದು ನಾನು. ನನಗೇ ಬಂದಿಲ್ಲ.”

ಡಾಕ್ಟರಮ್ಮ ಇನ್ಸುಲಿನ್ ಬರೆದುಕೊಟ್ಟರು. ಬೆಳಿಗ್ಗೆ, ಸಂಜೆ, ಕತ್ತಿನ ಸಡಿಲ ಚರ್ಮ ಎತ್ತಿ ಚುಚ್ಚುವುದು. ಜೊತೆಗೆ ಅಂಗೈಯಗಲದ ಒಂದು ಸಕ್ಕರೆ ಮೀಟರನ್ನೂ ಕೊಟ್ಟು, ಪ್ರತಿ ಸಲ ಇಂಜೆಕ್ಷನ್ನಿಗೆ ಮುಂಚೆ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಬೇಕು ಎಂದರು. ಅದನ್ನು ಆಸ್ಪತ್ರೆಯಲ್ಲೇ ನೋಡಬಾರದೇ ಎಂದು ಹೊಲಿಗೆಯಕ್ಕ ಕೇಳಿದಳು. ಅದಕ್ಕೆ ಡಾಕ್ಟರಮ್ಮ ಹೇಳಿದ್ದು ಅವಳಿಗೆ ಕಥೆಯ ಮಾತಿನಂತೆ ಕೇಳಿಸಿತು. ಬೆಕ್ಕಿಗೆ ಹೆದರಿಕೆಯಾದರೆ ಆ ಹೆದರಿಕೆಗೇ ರಕ್ತದಲ್ಲಿ ಸಕ್ಕರೆ ಏರುತ್ತದಂತೆ. ಆಸ್ಪತ್ರೆಯ ಮೇಜಿನ ಮೇಲೆ ಸಿಗುವ ಅಂಕಿಯಲ್ಲಿ ಭಯವೂ ಬೆರೆತಿರುತ್ತದೆ. ನಿಜವಾದ ಅಂಕಿ ಅವಳು ನೆಮ್ಮದಿಯಾಗಿರುವ ಮಡಿಲಲ್ಲಿ ಮಾತ್ರ.

“ನೋಡ್ತೀನಿ ಡಾಕ್ಟ್ರೇ. ಮಾತು ಕೊಟ್ಟೆ” ಎಂದಳು ಹೊಲಿಗೆಯಕ್ಕ.

ಕೊಟ್ಟ ಮಾತು ಗುಂಡಿಗಳ ಡಬ್ಬಿಯೊಳಗೆ ಸೇರಿತು. ಮೀಟರನ್ನು ಅಲ್ಲಿಟ್ಟು ಮುಚ್ಚಳ ಹಾಕಿದಳು. ಇಂಜೆಕ್ಷನ್ ಅವಳಿಗೆ ಕಷ್ಟವಾಗಲಿಲ್ಲ, ಅದರಲ್ಲಿ ರಕ್ತ ಕಾಣುತ್ತಿರಲಿಲ್ಲ. ಆದರೆ ಬೇಕೆಂದೇ ಚುಚ್ಚಿ ರಕ್ತ ಬರಿಸುವುದೆಂದರೆ ಕೈ ಮೇಲೇಳುತ್ತಿರಲಿಲ್ಲ. ಅತ್ತೆ ಕೇಳಿದರೆ, ಮೀಟರು ಯಾಕೆ, ನೋಡಿದರೆ ಗೊತ್ತಾಗುತ್ತದೆ ಎಂದು ಹಾರಿಕೆಯ ಉತ್ತರ ಕೊಡುವಳು. ಉಂಡೆಯೂ ಚೇತರಿಸಿಕೊಂಡಂತೆ ಕಂಡಳು.

ಬಿಸಿಲು ಜೋರಾಗಿದ್ದ ಒಂದು ದಿನ ಉಂಡೆ ಮತ್ತೆ ಬಟ್ಟಲಿನ ಮುಂದೆ ಬಹಳ ಹೊತ್ತು ಕುಳಿತಳು. ಹೊಲಿಗೆಯಕ್ಕ ದೂರದಿಂದಲೇ ಅವಳನ್ನು ಅಳೆದಳು. ನೀರು ಜಾಸ್ತಿ ಕುಡಿದಿದ್ದಾಳೆ, ಅಂದರೆ ಸಕ್ಕರೆ ಏರಿದೆ. ಯಾರನ್ನೂ ಕೇಳದೆ, ಅಳತೆಗೊಂದು ಚೂರು ಸಡಿಲ ಬಿಡುವಂತೆ, ಅಂದು ಸಂಜೆಯೂ ಮರುದಿನ ಬೆಳಿಗ್ಗೆಯೂ ಔಷಧಿಯನ್ನು ಸಿರಿಂಜಿನಲ್ಲಿ ಒಂದು ಗೆರೆ ಹೆಚ್ಚಿಸಿ ಚುಚ್ಚಿದಳು.

ಆ ಮಧ್ಯಾಹ್ನ ಅವಳು ಕಾಲರ್ ಹೊಲಿಯುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಬಂತು. ಕೂಗಲಿಲ್ಲ ಅವರು. ಮೆಲ್ಲಗೆ ಹೇಳಿದರು.

“ಇವಳ ಮೈ ನನಗೆ ಅರ್ಥ ಆಗ್ತಿಲ್ಲ ಕಣೇ. ನಡುಗ್ತಾ ಇದಾಳೆ. ಕರೆದರೆ ಕಿವೀನೂ ಆಡಿಸ್ತಿಲ್ಲ.”

ಹೊಲಿಗೆಯಕ್ಕ ಓಡಿ ಬಂದಳು. ನೆಲಕ್ಕಿಳಿಸಿದರೆ ಉಂಡೆ ಕುಡಿದವರಂತೆ ತೂರಾಡಿ ಮಗ್ಗುಲಿಗೆ ಬಿದ್ದಳು. ಫೋನಿನಲ್ಲಿ ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳಿದರು: ಸಕ್ಕರೆ ತೀರಾ ಇಳಿದಿರಬೇಕು, ಜೇನುತುಪ್ಪವೋ ಸಕ್ಕರೆ ಪಾಕವೋ ಬೆರಳಿಗೆ ಹಚ್ಚಿಕೊಂಡು ವಸಡಿಗೆ ಸವರಿ, ಬಾಯಿಗೆ ಸುರಿಯಬೇಡಿ, ಉಸಿರಿಗೆ ಸಿಕ್ಕೀತು, ಸವರಿದ ತಕ್ಷಣ ಎತ್ತಿಕೊಂಡು ಬನ್ನಿ. ಹೊಲಿಗೆಯಕ್ಕ ವಸಡಿಗೆ ಜೇನು ಸವರಿ ಉಂಡೆಯನ್ನು ಎತ್ತಿಕೊಂಡಳು. ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ತಾವೂ ಬರುತ್ತೇನೆ ಎನ್ನಲು ಹೊರಟವರು, ದಾರಿಯಲ್ಲಿ ಕೈ ಹಿಡಿಸಿಕೊಂಡು ನಡೆದರೆ ತಡವಾಗುತ್ತದೆಂದು ಮತ್ತೆ ಕೂತರು. ಅವರ ಎರಡೂ ಕೈ ಖಾಲಿಯಾಗಿದ್ದವು.

ಉಂಡೆ ಉಳಿದಳು. ಕೂದಲೆಳೆಯಲ್ಲಿ ತಪ್ಪಿತು ಎಂದರು ಡಾಕ್ಟರಮ್ಮ. ಮರುದಿನದವರೆಗೆ ಅಲ್ಲೇ ಇರಿಸಿಕೊಂಡರು. ಕರೆದುಕೊಂಡು ಹೋಗಲು ಬಂದ ಹೊಲಿಗೆಯಕ್ಕ ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರಮ್ಮ ಗದರಲಿಲ್ಲ.

“ಅಕ್ಕಾ, ನಿಮ್ಮ ಕಣ್ಣು ಬಟ್ಟೆಗೆ ಸರಿ. ಸಕ್ಕರೆ ಕಣ್ಣಿಗೆ ಕಾಣೋದೇ ಇಲ್ಲ. ಮೂವತ್ತು ವರ್ಷದಿಂದ ಡಾಕ್ಟ್ರು ನಾನು, ನನಗೂ ಕಾಣಲ್ಲ. ಏರಿದಾಗಲೂ ಮಂಕಾಗಿರ್ತಾಳೆ, ಇಳಿದಾಗಲೂ ಮಂಕಾಗಿರ್ತಾಳೆ. ಯಾವುದು ಅಂತ ಆ ಒಂದು ಹನಿ ಮಾತ್ರ ಹೇಳುತ್ತೆ. ಬನ್ನಿ, ಇಲ್ಲಿ ನೋಡಿ.”

ಅವರು ಉಂಡೆಯ ಕಿವಿಯ ಹಿಂದೆ ಸಣ್ಣ ದೀಪ ಹಿಡಿದರು.

ಹೊಲಿಗೆಯಕ್ಕ ಬಾಗಿ ನೋಡಿದಳು. ಇಷ್ಟು ವರ್ಷ ಸವರಿದ ಕಿವಿ ಇದು. ಬೆಳಕಿನಲ್ಲಿ ಅದು ಗುಲಾಬಿ ಬಣ್ಣದ ತೆಳು ವಸ್ತ್ರದಂತೆ ತೆರೆದುಕೊಂಡಿತು. ಅದರಲ್ಲಿ ಕೆಂಪು ನೂಲಿನ ಒಂದು ಮರ. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ಕೊನೆಗೆ ಕಣ್ಣಿಗೆ ಸಿಗದಷ್ಟು ನವಿರಾದ ಎಳೆಗಳು. ಯಾವ ಮಗ್ಗದಲ್ಲೂ ಅಂಥ ನೇಯ್ಗೆಯನ್ನು ಅವಳು ಕಂಡಿರಲಿಲ್ಲ. ಆ ಮರದೊಳಗೆ ಸಕ್ಕರೆ ಹರಿಯುತ್ತಿತ್ತು, ಹಗಲೂ ಇರುಳೂ ಏರುತ್ತ, ಇಳಿಯುತ್ತ, ಯಾರಿಗೂ ಸದ್ದು ಕೇಳಿಸದಂತೆ.

ನಡುವಿನ ದಪ್ಪ ರಕ್ತನಾಳವನ್ನು ಮುಟ್ಟಬಾರದು ಎಂದರು ಡಾಕ್ಟರಮ್ಮ. ಅಂಚಿನಲ್ಲಿ ಓಡುವ ಸಣ್ಣ ಗೆರೆಗೂ ಕಿವಿಯ ಹೊರ ಅಂಚಿಗೂ ನಡುವೆ ಒಂದಿಷ್ಟು ಬಯಲು ಜಾಗವಿದೆ, ಅಲ್ಲಿ ಚುಚ್ಚಬೇಕು. ಮಡಚಿ ಹೊಲಿಯುವ ಅಂಚಿನಷ್ಟೇ ಅಗಲ. ಅಷ್ಟು ಕೇಳಿದ್ದೇ ಹೊಲಿಗೆಯಕ್ಕನಿಗೆ ಆ ಜಾಗ ಕೈಗೆ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹೊಲಿಗೆಯಕ್ಕ ಕೈ ತೊಳೆದು, ಒಂದು ತುಂಡು ಬಟ್ಟೆಗೆ ಇಸ್ತ್ರಿ ತಾಗಿಸಿ, ಬಿಸಿ ಹದವಾಗಿದೆಯೇ ಎಂದು ತನ್ನ ಮಣಿಕಟ್ಟಿನ ಮೇಲೆ ಇಟ್ಟು ನೋಡಿದಳು. ಉಂಡೆ ಟವಲಿನಲ್ಲಿ ಸುತ್ತಿಕೊಂಡು ಅತ್ತೆಯ ಮಡಿಲಲ್ಲಿದ್ದಳು. ಬೆಚ್ಚಗಿನ ಬಟ್ಟೆಯಲ್ಲಿ ಕಿವಿಯನ್ನು ಸ್ವಲ್ಪ ಹೊತ್ತು ಹಿಡಿದರೆ ರಕ್ತ ಅಂಚಿಗೆ ಬರುತ್ತದೆ ಎಂದಿದ್ದರು ಡಾಕ್ಟರಮ್ಮ.

“ನಿನ್ನ ಕೈ ನಡುಗ್ತಿದೆ” ಎಂದರು ಅತ್ತೆ.

“ನಿಮಗೆ ಹೇಗೆ ಗೊತ್ತು ಅತ್ತೆ?”

“ಇವಳು ಹೇಳಿದಳು. ನಡುಗಲಿ ಬಿಡು, ಮಾಡು. ನಾನು ಹಿಡಿದಿದೀನಿ.”

ಕಿವಿಯ ಹಿಂದೆ ಹತ್ತಿ ಒತ್ತಿಟ್ಟು, ಅಂಚಿನ ಬಯಲಿನಲ್ಲಿ ಮೀಟರಿನ ಜೊತೆ ಬಂದಿದ್ದ ಹೊಸ ಸೂಜಿಯನ್ನು ಟಕ್ಕೆಂದು ಒತ್ತಿದಳು. ಏನೂ ಬರಲಿಲ್ಲ. ಉಂಡೆ ಒಮ್ಮೆ ಕಿವಿ ಕೊಡವಿ, ಮತ್ತೆ ಗುರುಗುಟ್ಟತೊಡಗಿದಳು. ಹೊಲಿಗೆಯಕ್ಕ ಬೆರಳಿನಿಂದ ಅಂಚನ್ನು ಮೆಲ್ಲಗೆ ನೀವಿದಳು. ಆಗ ಬೂದು ರೋಮದ ನಡುವೆ ಅದು ಮೂಡಿತು. ಗುಂಡುಸೂಜಿಯ ತಲೆಯಷ್ಟು, ದುಂಡಗೆ, ಹೊಳೆಯುತ್ತ, ಕಿಟಕಿಯ ಬೆಳಕನ್ನೆಲ್ಲ ಒಳಗಿಟ್ಟುಕೊಂಡು. ಮೀಟರಿನ ಪಟ್ಟಿಯನ್ನು ಹತ್ತಿರ ತಂದಳು. ತಾಗಿಸುವುದೇ ತಡ, ಪಟ್ಟಿ ಆ ಹನಿಯನ್ನು ತಾನೇ ಹೀರಿಕೊಂಡಿತು. ಹತ್ತಿಯನ್ನು ಕಿವಿಗೆ ಒತ್ತಿ ಹಿಡಿದಳು. ಮೀಟರು ಎಣಿಸತೊಡಗಿತು.

ಅದು ಎಣಿಸಿ ಮುಗಿಸುವುದರೊಳಗೆ, ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೊಂದು ಮಾತು. ನಿಮ್ಮ ಬೆಕ್ಕು ಅತಿಯಾಗಿ ನೀರು ಕುಡಿಯುತ್ತಿದ್ದರೆ, ತಿಂದರೂ ಸೊರಗುತ್ತಿದ್ದರೆ, ವಯಸ್ಸಾಯಿತು ಬಿಡು ಎನ್ನಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಎಂದಾದರೆ ಮನೆಯಲ್ಲೇ ಅಳೆಯುವುದನ್ನು ಅವರಿಂದ ಕಲಿಯಿರಿ. ಮನುಷ್ಯರ ಮೀಟರು ಬೆಕ್ಕಿನ ರಕ್ತಕ್ಕೆ ಬೇರೆ ಅಂಕಿ ತೋರಿಸಬಹುದು, ಹಾಗಾಗಿ ಯಾವುದು ಸರಿ ಎಂದು ಕೇಳಿಕೊಳ್ಳಿ. ಬಂದ ಅಂಕಿಯನ್ನು ಅವರಿಗೆ ಹೇಳಿ, ಔಷಧಿಯನ್ನು ಮಾತ್ರ ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ. ಬೆಕ್ಕು ತಿನ್ನದ ದಿನ ಕೇಳದೆ ಇಂಜೆಕ್ಷನ್ ಕೊಡಬೇಡಿ. ಸರಿಯಾಗಿ ನೋಡಿಕೊಂಡರೆ ಇನ್ಸುಲಿನ್ನೇ ಬೇಡವಾಗುವಷ್ಟು ಸುಧಾರಿಸುವ ಬೆಕ್ಕುಗಳೂ ಇವೆ. ಎಲ್ಲಕ್ಕೂ ಆಗುತ್ತದೆ ಎನ್ನಲಾಗದು. ಆದರೆ ಒಂದು ಹನಿಯ ಮಾತನ್ನು ಕೇಳದೆ ಯಾವ ಬೆಕ್ಕಿನ ವಿಷಯವೂ ತಿಳಿಯುವುದಿಲ್ಲ. ಕೈ ನಡುಗಿದರೂ ಸರಿ, ನಾಳೆಗೆ ಹಾಕಬೇಡಿ.

ಮೀಟರು ಕೂಗಿತು. ಹೊಲಿಗೆಯಕ್ಕ ಅಂಕಿಯನ್ನು ಎರಡು ಸಲ ಓದಿದಳು.

“ಎಷ್ಟಂತೆ?” ಎಂದರು ಅತ್ತೆ.

“ಇನ್ನೂರ ಹನ್ನೆರಡು.”

“ಅದು ಒಳ್ಳೇದೋ ಕೆಟ್ಟದ್ದೋ?”

“ನನಗೆ ಗೊತ್ತಿಲ್ಲ ಅತ್ತೆ. ಗೊತ್ತಿರೋರನ್ನ ಕೇಳ್ತೀನಿ.”

ಫೋನಿನಲ್ಲಿ ಡಾಕ್ಟರಮ್ಮ ಅಂಕಿ ಕೇಳಿ, ಗಾಬರಿಯಾಗುವಂಥದ್ದೇನಿಲ್ಲ, ಮೊದಲು ತಿನ್ನಲಿ, ಆಮೇಲೆ ನಿನ್ನೆ ನಾನು ಇಳಿಸಿ ಹೇಳಿದಷ್ಟೇ ಔಷಧಿ ಕೊಡಿ ಎಂದರು. ಉಂಡೆ ತಿಂದಳು, ತಟ್ಟೆ ನೆಕ್ಕಿದಳು. ಹೊಲಿಗೆಯಕ್ಕ ಸಿರಿಂಜನ್ನು ಬೆಳಕಿಗೆ ಹಿಡಿದು, ಹೇಳಿದ ಗೆರೆಗೆ ಸರಿಯಾಗಿ ಔಷಧಿ ತುಂಬಿ, ಕತ್ತಿನ ಚರ್ಮ ಎತ್ತಿ ಚುಚ್ಚಿದಳು. ಕೊಟ್ಟಿದ್ದ ಮಾತು ಅಲ್ಲಿಗೆ ನಡೆಯಿತು.