ಟರ್ಕಿಯೊಳಗೆ ಮೂವತ್ತೇಳು ಡಿಗ್ರಿ

ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಬರೋರಿಗೆ ಅಡುಗೆಯದೇ ಚಿಂತೆ. ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ಬಾಡಿಗೆಗಿರೋ ನಂದೀಶ್‌ಗೂ ಅದೇ. ಅವನ ಕೆಲಸ ಲೀಕ್ಸ್‌ಲಿಪ್‌ನಲ್ಲಿ. ಹೆಂಡತಿ ಸಿಂಚನಾ ಆರು ತಿಂಗಳ ಬಸುರಿ. ಅವಳ ಕೆಲಸ ಗಾಲ್ವೇ ಕಡೆ ಪಾರ್ಕ್‌ಮೋರ್‌ನಲ್ಲಿ, ಮನೆಗೆ ಬರೋದು ಶುಕ್ರವಾರ ಸಂಜೆ ಬಸ್ಸಿಗೆ. ಮನೆಯಲ್ಲಿ ಆರು ವರ್ಷದ ಮಗಳು ಐಶು, ಮಂಡ್ಯದಿಂದ ಬಂದಿರೋ ತಾಯಿ ಗಂಗಮ್ಮ.

ಕ್ರಿಸ್ಮಸ್ ಹತ್ತಿರ ಬಂತು. ಟರ್ಕಿ ಕೋಳಿ ಊಟ ಬೇಕು ಅಂತ ಐಶು ಹಟ ಹಿಡಿದಳು. ನಂದೀಶ್ ಗುರುವಾರ ಸಂಜೆ ಫ್ರೋಜನ್ ಟರ್ಕಿ ತಂದ. ಎರಡು ಕೆಜಿ ಎದೆಮಾಂಸ, ಕಲ್ಲಿನಂಗೆ ಗಟ್ಟಿ. ಶುಕ್ರವಾರ ಬೆಳಿಗ್ಗೆ ಅದನ್ನ ಹಾಗೇ, ಕರೆಂಟಲ್ಲಿ ದಿನವಿಡೀ ನಿಧಾನಕ್ಕೆ ಬೇಯಿಸೋ ಸ್ಲೋ ಕುಕ್ಕರ್‌ಗೆ ಇಳಿಸಿ, ಗುಂಡಿ ‘ಲೋ’ಗೆ ತಿರುಗಿಸಿ ಕೆಲಸಕ್ಕೆ ಹೊರಟ. ಸಿಂಚನಾ ಬರೋ ಹೊತ್ತಿಗೆ ಬೆಂದಿರುತ್ತೆ ಅಂದುಕೊಂಡ.

ಅವತ್ತು ಬಿರುಗಾಳಿ. ಮನೆಯಲ್ಲಿ ಗಂಗಮ್ಮ ಒಬ್ಬರೇ. ಹನ್ನೊಂದರ ಹೊತ್ತಿಗೆ ಮನೆ ಇದ್ದಕ್ಕಿದ್ದಂಗೆ ಸುಮ್ಮನಾಯ್ತು. ಫ್ರಿಜ್ಜಿನ ಗುಂಯ್ ಸದ್ದೂ ಇಲ್ಲ. ರೇಡಿಯೇಟರ್ ತಣ್ಣಗಾಗ್ತಾ, ಯಾರೋ ಉಗುರಲ್ಲಿ ತಟ್ಟಿದಂಗೆ ಟಿಕ್ ಟಿಕ್ ಅಂತಿತ್ತು. ಗಂಗಮ್ಮ ಶಾಲು ಹೊದ್ದು ಅಲ್ಲಾಡದೆ ಕೂತರು. ಎರಡು ಗಂಟೆಗೆ ಎಲ್ಲಾ ರೂಮಿಂದಲೂ ಒಟ್ಟಿಗೆ ಪೀಂ ಪೀಂ ಶಬ್ದ. ಮಹಡಿ ಮೇಲೆ ಲೈಟು ತಾನಾಗೇ ಹತ್ತಿಕೊಂಡಿತು.

“ಯಾರಪ್ಪಾ ಅದು ಮೇಲೆ?” ಮೆಟ್ಟಿಲ ಹತ್ತಿರ ನಿಂತು ಕೇಳಿದರು. ಯಾರೂ ಇರಲಿಲ್ಲ. ಹೇಳಿದರೆ ಮಗ ನಗ್ತಾನೆ ಅಂತ ಬಾಯಿ ಮುಚ್ಚಿಕೊಂಡರು.

ನಾಲ್ಕೂವರೆಗೆ ನಂದೀಶ್ ಐಶುನ ಕರ್ಕೊಂಡು ಬಂದ. ಹೊರಗೆ ಆಗಲೇ ಕತ್ತಲು. ಕುಕ್ಕರಿನ ಕೆಂಪು ದೀಪ ಉರೀತಿತ್ತು, ಮುಚ್ಚಳದ ತುಂಬಾ ಹಬೆ, ಒಳ್ಳೆ ಘಮ. ಅಂಚಿಂದ ಒಂದು ಚೂರು ಕೊಯ್ದು ಐಶು ತಟ್ಟೆಗೆ ಹಾಕಿ, “ಆರಲಿ, ಆಮೇಲೆ ತಿನ್ನು” ಅಂದ.

ಅಷ್ಟರಲ್ಲಿ ಪಕ್ಕದ ಮನೆ ಶಾಂತಾ ಬಂದಳು. ಆಸ್ಪತ್ರೆಯಲ್ಲಿ ನರ್ಸ್, ಹಾಸನದ ಕಡೆಯವಳು.

“ಅಮ್ಮಾ, ಮೂರು ಗಂಟೆ ಕರೆಂಟ್ ಇರ್ಲಿಲ್ವಲ್ಲ, ಒಬ್ರೇ ಹೆದರ್ಕೊಂಡ್ರಾ?”

“ಈ ದೇಶದಲ್ಲೂ ಕರೆಂಟ್ ಹೋಗುತ್ತಾ?” ಗಂಗಮ್ಮ ಉಸಿರು ಬಿಟ್ಟರು. “ನಾನು ಇನ್ನೇನೋ ಅಂದ್ಕೊಂಡಿದ್ದೆ ಕಣವ್ವ.”

ಶಾಂತಾ ಕುಕ್ಕರ್ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಐಶು ಮುಂದಿನ ತಟ್ಟೆ ತೆಗೆದಳು.

“ಇದನ್ನ ಯಾವಾಗ ಇಟ್ಟೆ ನಂದೀಶ್?”

“ಬೆಳಿಗ್ಗೆ. ಫ್ರೀಜರಿಂದ ತೆಗೆದು ಹಾಗೇ ಹಾಕ್ದೆ ಅಕ್ಕಾ. ನೋಡಿ, ಗ್ರ್ಯಾಂಡ್ ಆಗಿ ಬಂದಿದೆ.”

ಶಾಂತಾ ಮನೆಗೆ ಹೋಗಿ ಮಾಂಸದ ಥರ್ಮಾಮೀಟರ್ ತಂದು, ದಪ್ಪ ಜಾಗದಲ್ಲಿ ಚುಚ್ಚಿದಳು. ಎಲ್ಲರೂ ಬಗ್ಗಿ ನೋಡಿದರು. ಮೂವತ್ತೇಳು.

“ಮನುಷ್ಯರ ಮೈಬಿಸಿ,” ಅಂದಳು ಶಾಂತಾ.

ಗಂಗಮ್ಮ ಮುಟ್ಟಿಕೊಂಡಿದ್ದ ಪಾತ್ರೆಯಿಂದ ಕೈ ಹಿಂದಕ್ಕೆ ತಗೊಂಡರು. “ಡ್ಯಾಡಿ, ಈಸ್ ಇಟ್ ಅಲೈವ್?” ಐಶು ಪಿಸುಗುಟ್ಟಿದಳು.

“ಟರ್ಕಿಗೆ ಜೀವ ಇಲ್ಲ ಪುಟ್ಟಾ,” ಶಾಂತಾನೇ ಹೇಳಿದಳು. “ ಅದರೊಳಗೆ ಇರೋದಕ್ಕೆ ಇದೆ. ಈ ಬಿಸಿಯಲ್ಲೇ ಕ್ರಿಮಿ ಗಂಟೆಗಟ್ಟಲೆ ಬೆಳೆಯೋದು.”

ನಂದೀಶ್ ಒಪ್ಪಲಿಲ್ಲ. “ವಾಸನೆ ಚೆನ್ನಾಗೇ ಇದೆಯಲ್ಲಕ್ಕಾ. ಓವನ್‌ನಲ್ಲಿಟ್ಟು ಇನ್ನೆರಡು ಗಂಟೆ ಬೇಯಿಸ್ತೀನಿ.”

“ಕ್ರಿಮಿ ಸಾಯಬಹುದು. ಕೆಲವು ಕ್ರಿಮಿ ಬಿಟ್ಟ ವಿಷ ಕುದಿಸಿದರೂ ಹೋಗಲ್ಲ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ.” ಶಾಂತಾ ದನಿ ತಗ್ಗಿಸಿದಳು. “ಹಿಂದೆ ನಮ್ಮ ವಾರ್ಡಿಗೆ ಒಬ್ಬ ಬಸುರಿ ಬಂದಿದ್ಲು. ಮನೆಯವರೆಲ್ಲ ತಿಂದಿದ್ದು ಒಂದೇ ಊಟ. ಗಂಡನಿಗೆ ಎರಡು ದಿನ ಭೇದಿ, ಅಷ್ಟೇ. ಅವಳ ಮಗು ಉಳೀಲಿಲ್ಲ.”

ಬಾಗಿಲಲ್ಲಿ ಕೀ ತಿರುಗಿದ ಸದ್ದು. ಸಿಂಚನಾ ಒಳಗೆ ಬಂದಳು. “ಏನ್ ಘಮ! ಹೊಟ್ಟೆ ಹಸೀತಿದೆ, ಏನ್ ಮಾಡಿದೀಯಾ?”

ನಂದೀಶ್ ಅವಳ ಮುಖ ನೋಡಿದ, ಹೊಟ್ಟೆ ನೋಡಿದ. “ಮೊಟ್ಟೆ ಸಾರು ಮಾಡ್ತೀನಿ, ಅರ್ಧ ಗಂಟೆ ಕೊಡು” ಅಂದ. ಪಾತ್ರೆ ಎತ್ತಿಕೊಂಡು ಹೋಗಿ ಪೂರ್ತಿ ಬಿನ್‌ಗೆ ಸುರಿದ.

ಮುಂದಿನ ವಾರ ಇನ್ನೊಂದು ಟರ್ಕಿ ತಂದ. ಟ್ರೇಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ ಎರಡು ದಿನ ಬಿಟ್ಟು ಪೂರ್ತಿ ಕರಗಿಸಿದ. ತೊಳೆಯೋಕೆ ಹೋದವನನ್ನ ಶಾಂತಾ ತಡೆದಳು. ನೀರು ಸಿಡಿದು ಕ್ರಿಮಿ ಸಿಂಕಿಗೆಲ್ಲ ಹರಡುತ್ತೆ ಅಂದಳು. ತುಂಡು ಮಾಡಿ, ‘ಹೈ’ನಲ್ಲಿಟ್ಟು, ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಬೇಯಿಸಿದ. ಪದೇ ಪದೇ ಮುಚ್ಚಳ ತೆಗೀಲಿಲ್ಲ. ಕೊನೆಗೆ ಗಂಗಮ್ಮ ಕನ್ನಡಕ ಹಾಕ್ಕೊಂಡು ಓದಿದರು: “ಎಂಬತ್ತೊಂದು. ಈಗ ತಿನ್ನಬಹುದು.”

ಇದನ್ನ ಓದ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಡುಗೆಮನೆಯಲ್ಲೂ ಸ್ಲೋ ಕುಕ್ಕರ್ ಇದ್ದರೆ ಫ್ರೀಜರಿಂದ ತೆಗೆದ ಗಟ್ಟಿ ಮಾಂಸ ಹಾಗೇ ಅದಕ್ಕೆ ಹಾಕಬೇಡಿ. ದಪ್ಪ ಜಾಗದಲ್ಲಿ ಎಪ್ಪತ್ತೈದು ಡಿಗ್ರಿ ದಾಟಿದ ಮೇಲೇ ಬಡಿಸಿ. ನೀವಿಲ್ಲದಾಗ ಕರೆಂಟ್ ಹೋಗಿ ಬಂದಿದೆ ಅಂತ ಗೊತ್ತಾದರೆ, ಎಷ್ಟೇ ಘಮ ಬರಲಿ, ರುಚಿ ನೋಡೋಕೂ ಹೋಗದೆ ಚೆಲ್ಲಿಬಿಡಿ.