ಬೀಳೋದು

ಗಡಿಯಾರ ರಿಪೇರಿಯ ಮುದುಕರಿಗೆ ಕೊಳೆ ಎಂದರೆ ಮೈಯೆಲ್ಲ ಮುಳ್ಳು. ಎಳ್ಳಷ್ಟು ದೂಳು ಹೊಕ್ಕರೂ ನಿಂತುಹೋಗುವ ಯಂತ್ರಗಳ ನಡುವೆ ಬಾಳಿದವರು ಅವರು. ಅಂಥವರ ನಡುಮನೆಯಲ್ಲಿ ಈಗ ಗಾಜಿನ ತೊಟ್ಟಿಯೊಂದು ಗಬ್ಬೆದ್ದು ನಾರುತ್ತಿತ್ತು.

ತೊಟ್ಟಿ ಹೆಂಡತಿಯದು. ಮೇಲೆ ಓಡಾಡುವ ಬಣ್ಣದ ಮೀನುಗಳನ್ನು ಅವರು ಹೇಗೋ ಸಹಿಸಿಕೊಂಡಿದ್ದರು. ತಳದ ಮರಳನ್ನು ಮೂಸುತ್ತ ಅಲೆಯುವ, ಹೆಬ್ಬೆರಳುದ್ದದ ಮೀಸೆ ಮೀನುಗಳನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದರು. ಅವಳಿಗೋ ಅವೇ ಅಚ್ಚುಮೆಚ್ಚು. ಆಸ್ಪತ್ರೆಯ ಹಾಸಿಗೆಯಲ್ಲಿ ಗಂಡನ ಕೈ ಹಿಡಿದು ಹೇಳಿದ್ದಳು: "ನನ್ನ ಮೀಸೆಯವರನ್ನ ಸಾಯೋಕೆ ಬಿಡಬೇಡಿ. ತೇಲೋದು ಮೇಲಿನವಕ್ಕೆ, ಬೀಳೋದು ಕೆಳಗಿನವಕ್ಕೆ. ಅಷ್ಟೇ."

ದೇವರ ಮೇಲೆ ಆಣೆಯಿಟ್ಟು ಒಪ್ಪಿದರು. ಅವಳು ಹೋದಳು.

ತೇಲುವ ಪುಡಿಯ ಡಬ್ಬಿ ತೊಟ್ಟಿಯ ಪಕ್ಕದಲ್ಲೇ ಇತ್ತು. ದಿನವೂ ಚಿಟಿಕೆ ಉದುರಿಸಿದರು. ಬೀಳುವುದೆಂದರೆ? ಮೇಲಿನ ಮೀನುಗಳಿಂದ ಉದುರುವ ಹೊಲಸು ಎಂದೇ ಅವರು ತಿಳಿದರು. ಥೂ, ಇದೂ ಒಂದು ಬಾಳೇ! ಆದರೂ ಆ ಜೀವಗಳ ಅನ್ನ ಕಸಿಯಬಾರದೆಂದು ತೊಟ್ಟಿ ತೊಳೆಯುವ ಗೋಜಿಗೇ ಹೋಗಲಿಲ್ಲ. ನೀರು ಹಳದಿಗಟ್ಟಿತು. ಮರಳ ಮೇಲೆ ಕಂದು ಲೋಳೆ ಹಾಸಿಕೊಂಡಿತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ದೇವರಿಗಿಂತ ಮೊದಲು ಆ ನಾತವೇ ಬಂದು ಕೂರುತ್ತಿತ್ತು.

ಒಂದು ಬೆಳಗ್ಗೆ ಮೀಸೆ ಮೀನೊಂದು ಹೊಟ್ಟೆ ಮೇಲಾಗಿ ತೇಲಿತು. ಎತ್ತಿದರೆ ಕೊಳೆತ ರೆಕ್ಕೆ ಚಮಚಕ್ಕೆ ಅಂಟಿಕೊಂಡಿತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡರು. ಆಮೇಲೆ ನಾದಿನಿಗೆ ಫೋನು ಮಾಡಿದರು.

ಅಕ್ಕ ಹೋದ ಮೇಲೆ ಆ ಮನೆಯ ಮೆಟ್ಟಿಲನ್ನೇ ತುಳಿಯದಿದ್ದ ನಾದಿನಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಏನ್ ಭಾವ, ಮನೆಯೊಳಗೇ ಚರಂಡಿ ತೋಡಿಸಿದ್ದೀರಾ?"

"ಅವುಗಳ ಊಟ ಕಣಮ್ಮ ಅದು. ಬೀಳೋದು ಕೆಳಗಿನವಕ್ಕೆ ಅಂತ ನಿಮ್ಮಕ್ಕನೇ ಹೇಳಿದ್ದು."

ನಾದಿನಿ ಅವರ ಮುಖವನ್ನೇ ನೋಡಿದಳು. ಬಂದ ನಗು ಅರ್ಧಕ್ಕೇ ಅಳುವಾಯಿತು. ಅಡುಗೆಮನೆಯ ಕಪಾಟಿನಿಂದ ಡಬ್ಬಿಯೊಂದನ್ನು ತಂದು ಗಲಗಲ ಅಲ್ಲಾಡಿಸಿದಳು.

"ಇದು ಭಾವ, ಬೀಳೋದು! ಮುಳುಗೋ ಗುಳಿಗೆ. ಆ ಪುಡಿ ತೇಲೋದು, ಇದು ಬೀಳೋದು. ಅಕ್ಕ ಇಟ್ಟ ಹೆಸರು. ಹೊಲಸು ತಿಂದು ಯಾರಾದ್ರೂ ಬದುಕ್ತಾರಾ?"

ಮುದುಕರು ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಗಾಜಿಗೆ ಮುಖ ಒತ್ತಿದರು. ಉಳಿದ ಮೀನುಗಳ ಮೀಸೆಗಳು ಕೊಳೆತು ಮೋಟಾಗಿದ್ದವು.

"ಉಳಿದವನ್ನ ನಾನು ತಗೊಂಡು ಹೋಗ್ತೀನಿ ಬಿಡಿ. ಇದು ನಿಮ್ಮ ಕೈಲಾಗಲ್ಲ."

"ಬೇಡ. ಆಣೆ ಇಟ್ಟವನು ನಾನು. ಏನು ಮಾಡಬೇಕು ಹೇಳು."

"ಪೈಪಿನ ಒಂದು ತುದಿ ತೊಟ್ಟಿಗೆ ಬಿಟ್ಟು, ಇನ್ನೊಂದು ತುದಿ ಬಾಯಲ್ಲಿಟ್ಟು ಎಳೀಬೇಕು. ಅಕ್ಕ ಹಾಗೇ ಮಾಡ್ತಿದ್ದಳು. ನೀರು ಬಂದ ತಕ್ಷಣ ಬಕೆಟ್ಟಿಗೆ ಬಿಡಿ. ತಡ ಮಾಡಿದ್ರೆ ಕೆಟ್ಟಿರಿ."

ಅವರು ದೇವರನ್ನು ನೆನೆದು ಎಳೆದರು. ತಡ ಮಾಡಿದರು. ಕೊಳೆತ ನೀರು, ಲೋಳೆ, ಮರಳು ಎಲ್ಲ ಬಾಯಿ ತುಂಬಿತು. ಕ್ಯಾಕರಿಸಿ ಉಗಿದರು, ಓಕರಿಸಿದರು. ಪೈಪು ಮಾತ್ರ ಬಿಡಲಿಲ್ಲ. ಬಕೆಟ್ಟು ತುಂಬಿತು, ಮತ್ತೆ ತುಂಬಿತು.

ಹೊಸ ನೀರು ತಿಳಿಯಾದ ಮೇಲೆ ಡಬ್ಬಿ ತೆರೆದು ಒಂದು ಗುಳಿಗೆ ಹಾಕಿದರು. ಅದು ನೆಟ್ಟಗೆ ತಳಕ್ಕೆ ಬಿತ್ತು. ಮೋಟುಮೀಸೆಯ ಮೀನೊಂದು ತಡಕಾಡಿ ತಡಕಾಡಿ, ಎರಡು ಸಲ ದಾಟಿ ಹೋಗಿ, ಕೊನೆಗೆ ಅದರ ಮೇಲೆ ಕವುಚಿಕೊಂಡು ಜೋಲುಬಾಯಿಯಿಂದ ಚೀಪತೊಡಗಿತು.

"ಥೂ, ಅಸಹ್ಯ ಜಂತು," ಎಂದರು ಮುದುಕರು. ಬಾಯಿ ಮುಕ್ಕಳಿಸಲು ಏಳಲೇ ಇಲ್ಲ. ಇನ್ನೊಂದು ಗುಳಿಗೆಗೆ ಡಬ್ಬಿಯೊಳಗೆ ಕೈ ಹಾಕಿದರು.